ಬ್ಯಾಕ್ಟೀರಿಯಾಗಳ ಮಾತು ಕೆಡಿಸುವ ಕಿಣ್ವಗಳು ಮತ್ತು ಎದೆಯ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹನುಮಂತನಗರದಲ್ಲಿರುವ ನಮ್ಮ ಸೋದರಮಾವನಿಗೆ ಬ್ರಾಂಕಿಯೆಕ್ಟಾಸಿಸ್ ಇದೆ. ಚಿಕ್ಕ ವಯಸ್ಸಿನಲ್ಲಿ ಟಿಬಿ ಬಂದಿತ್ತು. ಅದು ವಾಸಿಯಾಯಿತು, ಆದರೆ ಉಸಿರಿನ ಕೊಳವೆಗಳು ಹಿಗ್ಗಿ ಸಡಿಲವಾಗಿಬಿಟ್ಟವು. ಅಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ. ಹೋದ ಡಿಸೆಂಬರ್ ಚಳಿಯಲ್ಲಿ ಕಫ ಹಸಿರಾಯಿತು, ಪರೀಕ್ಷೆಯಲ್ಲಿ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಅಂತ ಬಂತು. ಡಾಕ್ಟರ್ ಇಂಜೆಕ್ಷನ್ ಜೊತೆಗೆ ಅಜಿತ್ರೋಮೈಸಿನ್ ಮಾತ್ರೆಯನ್ನು ವಾರಕ್ಕೆ ಮೂರು ದಿನ, ತಿಂಗಳುಗಟ್ಟಲೆ ಬರೆದರು. ಯಾವ ಔಷಧಕ್ಕೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಅನ್ನುವ ಪಟ್ಟಿ ಇದ್ದ ಲ್ಯಾಬ್ ವರದಿ ಹಿಡಿದುಕೊಂಡು ಮಾವ ಕೇಳಿದರು: "ಏನಮ್ಮಾ, ಈ ಪಟ್ಟಿಯಲ್ಲಿ ಆ ಮಾತ್ರೆಯ ಹೆಸರೇ ಇಲ್ಲ, ಮತ್ತೆ ಯಾಕೆ ಕೊಟ್ಟರು?"

ಆ ಒಂದು ಪ್ರಶ್ನೆಗೆ ಉತ್ತರ ಬ್ಯಾಕ್ಟೀರಿಯಾಗಳ ಮಾತುಕತೆಯಲ್ಲಿದೆ, ಅದನ್ನು ಹೇಳಲು ಹೋಗಿ ಇಷ್ಟೆಲ್ಲ ಆಯಿತು. ನಾನು ಮೈಕ್ರೋಬಯಾಲಜಿ ಓದಿದವಳು, ಡಾಕ್ಟರ್ ಅಲ್ಲ. ಮನೆಯವರು, ಪಕ್ಕದ ಮನೆಯವರು, ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದವರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಬ್ಯಾಕ್ಟೀರಿಯಾ ಮಾತಾಡುತ್ತವೆ ಅಂದರೆ ಏನು? ಸುಮ್ನೆ ಹೇಳುವ ಮಾತಾ?

ಅಲ್ಲ, ನಿಜವಾಗಿಯೂ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಬಾಯಿ ಇಲ್ಲ, ಅಷ್ಟೇ. ಪ್ರತಿಯೊಂದು ಬ್ಯಾಕ್ಟೀರಿಯಾ ಒಂದು ಚಿಕ್ಕ ರಾಸಾಯನಿಕ ಅಣುವನ್ನು ಹೊರಗೆ ಬಿಡುತ್ತಾ ಇರುತ್ತದೆ. ಸುತ್ತಮುತ್ತ ಹೆಚ್ಚು ಜನ ಇಲ್ಲದಿದ್ದರೆ ಆ ಅಣು ಕರಗಿ ಹೋಗುತ್ತದೆ. ಗುಂಪು ದಟ್ಟವಾದಾಗ ಅಣುವೂ ದಟ್ಟವಾಗುತ್ತದೆ, ಒಂದು ಮಟ್ಟ ದಾಟಿದ ಮೇಲೆ ಎಲ್ಲವೂ ಒಟ್ಟಿಗೆ ನಡವಳಿಕೆ ಬದಲಿಸುತ್ತವೆ.

ನಮ್ಮ ಸೊಸೈಟಿ ಮೀಟಿಂಗಿನಲ್ಲಿ "ಕೋರಂ ಆಗಿಲ್ಲ" ಅಂತ ಸಭೆ ಮುಂದೂಡುತ್ತಾರಲ್ಲ, ಅದೇ ಕೋರಂ ಇಲ್ಲಿಯೂ ಇದೆ. ಇದರ ಹೆಸರೇ ಕೋರಂ ಸೆನ್ಸಿಂಗ್. ಸಾಕಷ್ಟು ತಲೆ ಸೇರುವ ತನಕ ಯಾವ ನಿರ್ಣಯವೂ ಇಲ್ಲ. ಸೇರಿದ ಕೂಡಲೇ ನಿರ್ಣಯ ಜಾರಿ.

ಇದು ಮೊದಲು ಎಲ್ಲಿ ಗೊತ್ತಾಯಿತು?

ಸಮುದ್ರದಲ್ಲಿ. ಹವಾಯಿ ಕಡೆ ಹೆಬ್ಬೆರಳಷ್ಟು ಗಾತ್ರದ ಒಂದು ಸ್ಕ್ವಿಡ್ ಇದೆ. ಅದರ ಹೊಟ್ಟೆಯ ಕಡೆ ಇರುವ ಅಂಗದಲ್ಲಿ ವಿಬ್ರಿಯೊ ಫಿಷೆರಿ ಎಂಬ ಬ್ಯಾಕ್ಟೀರಿಯಾ ತುಂಬಿಕೊಂಡು ರಾತ್ರಿ ಬೆಳಕು ಕೊಡುತ್ತವೆ. ನೀರಿನಲ್ಲಿ ಒಂಟಿಯಾಗಿ ತೇಲುವಾಗ ಇದೇ ಬ್ಯಾಕ್ಟೀರಿಯಾ ಬೆಳಗುವುದಿಲ್ಲ, ಗುಂಪಾದಾಗ ಮಾತ್ರ ಬೆಳಗುತ್ತದೆ. 1970ರಲ್ಲಿ ಕೆನೆತ್ ನೀಲ್ಸನ್, ಟೆರಿ ಪ್ಲಾಟ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಇದರ ಬಗ್ಗೆ ಬರೆದರು. "ಕೋರಂ ಸೆನ್ಸಿಂಗ್" ಎಂಬ ಹೆಸರು ಬಂದದ್ದು 1994ರಲ್ಲಿ. ಬೆಳಕು ಬೀರುವ ಆ ಪುಟ್ಟ ಜೀವಿಯಿಂದ ಮಾವನ ಎದೆಯ ಕಫದವರೆಗೆ ಒಂದೇ ಎಳೆ ಇದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಶ್ವಾಸಕೋಶದಲ್ಲಿ ಈ ಮಾತುಕತೆಯಿಂದ ಏನಾಗುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನಾನು ಹೇಳುತ್ತಿರುವುದು ಮುಖ್ಯವಾಗಿ ಸ್ಯೂಡೋಮೋನಾಸ್ ಎರುಜಿನೋಸಾ ಬಗ್ಗೆ. ಎರುಜಿನೋಸಾ ಅಂದರೆ ಲ್ಯಾಟಿನ್‌ನಲ್ಲಿ ತಾಮ್ರದ ಕಿಲುಬಿನ ಬಣ್ಣದ್ದು ಅಂತ ಅರ್ಥ. ತೊಳೆಯದ ತಾಮ್ರದ ಚೊಂಬಿಗೆ ಹಸಿರು ಕಿಲುಬು ಹತ್ತುತ್ತದಲ್ಲ, ಆ ಬಣ್ಣ. ಪಯೋಸಯಾನಿನ್ ಎಂಬ ಹಸಿರು-ನೀಲಿ ಬಣ್ಣದ ವಸ್ತುವನ್ನು ಇದು ತಯಾರಿಸುತ್ತದೆ, ಅದು ನಮ್ಮ ಜೀವಕೋಶಗಳಿಗೆ ವಿಷ. ಸಿಂಕು, ನಲ್ಲಿ, ಒದ್ದೆ ಪೈಪು, ತೇವ ಇರುವ ಎಲ್ಲ ಕಡೆ ಇದು ಇರುತ್ತದೆ. ಆರೋಗ್ಯವಾಗಿರುವವರ ಎದೆಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಬ್ರಾಂಕಿಯೆಕ್ಟಾಸಿಸ್ ಇರುವವರು, ಹುಟ್ಟಿನಿಂದಲೇ ಕಫ ಅಂಟಂಟಾಗಿರುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಮಕ್ಕಳು, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರು, ಇವರಿಗೇ ಇದರ ಕಾಟ.

ಎದೆಗೆ ಹೊಸದಾಗಿ ಬಂದಾಗ ಇದು ತೆಪ್ಪಗಿರುತ್ತದೆ. ಸಂಖ್ಯೆ ಕಡಿಮೆ ಇರುವಾಗಲೇ ವಿಷ ಕಾರಿದರೆ ನಮ್ಮ ರಕ್ಷಣಾ ಕೋಶಗಳು ಎಚ್ಚೆತ್ತು ಮುಗಿಸಿಬಿಡುತ್ತವೆ, ಅಲ್ವಾ? ಕೋರಂ ಆಯಿತು ಅಂತ ಗೊತ್ತಾದ ಮೇಲೆ ಒಮ್ಮೆಲೇ ಕೆಲಸ ಶುರು. ಎಲಾಸ್ಟೇಸ್ ಎಂಬ ಕಿಣ್ವ (ಎಂಜೈಮ್) ಬಿಟ್ಟು ಶ್ವಾಸಕೋಶದ ಹಿಗ್ಗುವ-ಕುಗ್ಗುವ ನಾರನ್ನೇ ಕತ್ತರಿಸುತ್ತದೆ, ಪಯೋಸಯಾನಿನ್ ಸುರಿಯುತ್ತದೆ, ರಾಮ್ನೋಲಿಪಿಡ್ ಎಂಬ ಸೋಪಿನಂಥ ವಸ್ತುವಿನಿಂದ ಬಿಳಿ ರಕ್ತಕಣಗಳನ್ನು ಒಡೆಯುತ್ತದೆ. ಇದರ ಜೊತೆಗೆ ಬಯೋಫಿಲ್ಮ್ ಕಟ್ಟುತ್ತದೆ.

ಬಯೋಫಿಲ್ಮ್ ಅಂದರೆ ಗೊತ್ತಿಲ್ಲದ್ದೇನಲ್ಲ. ವರ್ಷಗಟ್ಟಲೆ ತೊಳೆಯದ ನೀರಿನ ಸಂಪಿನೊಳಗೆ ಇಳಿದು ಗೋಡೆಗೆ ಕೈ ಇಟ್ಟರೆ ಜಾರುವ ಲೋಳೆ ಸಿಗುತ್ತದಲ್ಲ, ಅದೇ. ಸುಮ್ನೆ ನೀರು ಸುರಿದರೆ ಹೋಗುವುದಿಲ್ಲ, ಉಜ್ಜಬೇಕು. ಎದೆಯೊಳಗೆ ಉಜ್ಜುವುದು ಹೇಗೆ? ಲೋಳೆಯ ಒಳಗೆ ಕುಳಿತ ಬ್ಯಾಕ್ಟೀರಿಯಾವನ್ನು ಕೊಲ್ಲಲು ಹೊರಗೆ ಒಂಟಿಯಾಗಿರುವುದಕ್ಕೆ ಬೇಕಾದ್ದಕ್ಕಿಂತ ನೂರಾರು ಪಟ್ಟು ಆಂಟಿಬಯಾಟಿಕ್ ಬೇಕಾಗಬಹುದು. 1998ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ಮುಖ್ಯವಾದ ಸಂಕೇತ ಅಣುವನ್ನೇ ತಯಾರಿಸಲಾಗದ ಸ್ಯೂಡೋಮೋನಾಸನ್ನು ಬೆಳೆಸಿದರು. ಅದು ಕಟ್ಟಿದ ಪದರ ತೆಳ್ಳಗೆ, ಚಪ್ಪಟೆಯಾಗಿತ್ತು, ಸಾಬೂನಿನಂಥ ದ್ರವ ಹಾಕಿದರೆ ಕಿತ್ತು ಬಂತು. ಮಾತು ನಿಲ್ಲಿಸಿದರೆ ಕೋಟೆ ಗಟ್ಟಿಯಾಗುವುದಿಲ್ಲ ಅನ್ನುವ ಆಸೆ ಅಲ್ಲಿಂದಲೇ ಬಲವಾಯಿತು.

ಹಾಗಾದರೆ ಮಾತು ಕೆಡಿಸುವ ಕಿಣ್ವ ಏನು ಮಾಡುತ್ತದೆ?

ಆ ಸಂಕೇತ ಅಣುವಿನ ಹೆಸರು ಅಸೈಲ್ ಹೋಮೋಸೆರಿನ್ ಲ್ಯಾಕ್ಟೋನ್. ಹೆಸರು ಉದ್ದ, ಆಕಾರ ಸುಲಭ: ಒಂದು ಉಂಗುರ, ಅದಕ್ಕೆ ಅಂಟಿದ ಒಂದು ಬಾಲ. ಬ್ಯಾಕ್ಟೀರಿಯಾದ ಒಳಗಿನ ಗ್ರಾಹಕ ಪ್ರೋಟೀನು ಈ ಉಂಗುರ-ಬಾಲ ಜೋಡಿಯನ್ನೇ ಗುರುತಿಸುವುದು.

ಲ್ಯಾಕ್ಟೋನೇಸ್ ಎಂಬ ಕಿಣ್ವ ಉಂಗುರವನ್ನು ಬಿಚ್ಚುತ್ತದೆ. ಅಸೈಲೇಸ್ ಎಂಬ ಕಿಣ್ವ ಬಾಲವನ್ನು ಕತ್ತರಿಸುತ್ತದೆ. ಎರಡರಲ್ಲಿ ಯಾವುದು ನಡೆದರೂ ಅಣು ಕೆಲಸಕ್ಕೆ ಬಾರದ್ದಾಗುತ್ತದೆ. ಬ್ಯಾಕ್ಟೀರಿಯಾ ಸುತ್ತ ಸಾವಿರ ನೆಂಟರಿದ್ದರೂ "ನಾನೊಬ್ಬನೇ ಇದ್ದೇನೆ" ಅಂದುಕೊಂಡು ಸುಮ್ಮನಿರುತ್ತದೆ. ಕಿಣ್ವದ ಒಂದು ದೊಡ್ಡ ಅನುಕೂಲ ಏನೆಂದರೆ ಅದು ಖರ್ಚಾಗುವುದಿಲ್ಲ. ಒಂದು ಅಣುವನ್ನು ಕತ್ತರಿಸಿ ಮುಂದಿನದಕ್ಕೆ ಹೋಗುತ್ತದೆ.

ಸೂಕ್ಷ್ಮ ಒಂದಿದೆ. ಲ್ಯಾಕ್ಟೋನೇಸ್ ಬಿಚ್ಚಿದ ಉಂಗುರ ಹುಳಿ ವಾತಾವರಣದಲ್ಲಿ ಮತ್ತೆ ಕೂಡಿಕೊಳ್ಳಬಲ್ಲದು. ಅಸೈಲೇಸ್ ಕತ್ತರಿಸಿದ ಬಾಲ ಹಾಗೆ ತಾನಾಗಿ ಅಂಟುವುದಿಲ್ಲ.

ಈ ಕಿಣ್ವಗಳನ್ನು ಎಲ್ಲಿಂದ ತರುತ್ತಾರೆ?

ಮಣ್ಣಿನಿಂದ, ಬಿಸಿನೀರಿನ ಬುಗ್ಗೆಯಿಂದ, ಮತ್ತೆ ನಮ್ಮ ಮೈಯಿಂದಲೇ.

2000ದಲ್ಲಿ ಸಿಂಗಾಪುರದ ವಿಜ್ಞಾನಿಗಳು ಬ್ಯಾಸಿಲಸ್ ಜಾತಿಯ ಒಂದು ಬ್ಯಾಕ್ಟೀರಿಯಾದಲ್ಲಿ ಇಂಥ ಲ್ಯಾಕ್ಟೋನೇಸ್ ಕಂಡರು, ಅದಕ್ಕೆ ಎಐಐಎ ಅಂತ ಹೆಸರು. ಮರುವರ್ಷ ಆ ಜೀನನ್ನು ಆಲೂಗಡ್ಡೆ ಮತ್ತು ತಂಬಾಕು ಗಿಡಕ್ಕೆ ಸೇರಿಸಿದಾಗ, ಮೆತ್ತಗೆ ಕೊಳೆಯಿಸುವ ರೋಗವನ್ನು ಗಿಡಗಳು ತಡೆದುಕೊಂಡವು. ಅಂದರೆ ಮೊದಲ ಗೆಲುವು ಹೊಲದ ಬೆಳೆಯಲ್ಲಿ, ಆಸ್ಪತ್ರೆಯಲ್ಲಲ್ಲ.

ಇನ್ನೊಂದು ಹೆಸರುವಾಸಿ ಕಿಣ್ವ ಎಸ್‌ಎಸ್‌ಒಪಾಕ್ಸ್. ಇಟಲಿಯ ನೇಪಲ್ಸ್ ಹತ್ತಿರದ ಜ್ವಾಲಾಮುಖಿ ಪ್ರದೇಶದ ಕುದಿಯುವ ಹುಳಿ ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಯದು. ಅಷ್ಟು ಬಿಸಿಯಲ್ಲಿ ಬಾಳುವುದರ ಕಿಣ್ವ ಆದ್ದರಿಂದ ಬಹಳ ಗಟ್ಟಿ, ಬೇಗ ಕೆಡುವುದಿಲ್ಲ. ಔಷಧ ಮಾಡಿ ಕಪಾಟಿನಲ್ಲಿ ಇಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಆದರೆ ನಮ್ಮ ಮೈಯಲ್ಲೇ ಪ್ಯಾರಾಆಕ್ಸೋನೇಸ್ ಎಂಬ ಮೂರು ಕಿಣ್ವಗಳಿವೆ. ಅದರಲ್ಲಿ ಎರಡನೆಯದು, ಪಿಒಎನ್2, ನಮ್ಮ ಉಸಿರುನಾಳದ ಕೋಶಗಳಲ್ಲೇ ಇದ್ದು ಸ್ಯೂಡೋಮೋನಾಸ್‌ನ ಮುಖ್ಯ ಸಂಕೇತವನ್ನು ಒಡೆಯುತ್ತದೆ. ನಮ್ಮ ಮೈ ಈ ಉಪಾಯವನ್ನು ಮೊದಲೇ ಮಾಡುತ್ತಿದೆ, ವಿಜ್ಞಾನಿಗಳು ಅದಕ್ಕೆ ಬಲ ಕೊಡಲು ನೋಡುತ್ತಿದ್ದಾರೆ.

ಪ್ರಾಣಿಗಳ ಮೇಲೆ ಪರೀಕ್ಷೆ ಆಗಿದೆಯಾ?

ಆಗಿದೆ. 2014ರಲ್ಲಿ ಫ್ರಾನ್ಸಿನ ಸಂಶೋಧಕರು ಸ್ಯೂಡೋಮೋನಾಸ್ ನ್ಯುಮೋನಿಯಾ ಬರಿಸಿದ ಇಲಿಗಳ ಶ್ವಾಸನಾಳಕ್ಕೆ ಎಸ್‌ಎಸ್‌ಒಪಾಕ್ಸ್ ಕಿಣ್ವದ ಸುಧಾರಿಸಿದ ರೂಪವನ್ನು ಕೊಟ್ಟರು. ಬೇಗ ಕೊಟ್ಟಾಗ ಸಾವಿನ ಪ್ರಮಾಣ ಶೇ. 75ರಿಂದ ಶೇ. 20ಕ್ಕೆ ಇಳಿಯಿತು. ಆಂಟಿಬಯಾಟಿಕ್ ಇಲ್ಲದೆ, ಬರೀ ಮಾತು ಕೆಡಿಸಿ! ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಪಿವಿಡಿಕ್ಯೂ ಎಂಬ ಅಸೈಲೇಸ್ ಅನ್ನು ಚಿಕ್ಕ ಜಾತಿಯ ಇಲಿಗಳ ಎದೆಗೆ ಕೊಟ್ಟು ನೋಡಿದ್ದಾರೆ. ಅವು ಜಾಸ್ತಿ ಹೊತ್ತು ಬದುಕಿದವು, ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಕೂಡ ಕಡಿಮೆ ಇತ್ತು. ಕಿಣ್ವ ಕೊಲ್ಲುವುದಿಲ್ಲ, ಮತ್ತೆ ಕಡಿಮೆ ಯಾಕಾಯಿತು? ವಿಷ ಕಾರದೆ ಸುಮ್ಮನಿರುವ ಬ್ಯಾಕ್ಟೀರಿಯಾವನ್ನು ಮೈಯ ರಕ್ಷಣಾ ಕೋಶಗಳೇ ತೆಗೆದುಹಾಕಬಲ್ಲವು.

ಆದರೆ ಇದು ಇಲಿಯ ಎದೆ, ಹೊಸ ಸೋಂಕು, ಬೇಗ ಕೊಟ್ಟ ಮದ್ದು. ಹತ್ತು ವರ್ಷದಿಂದ ಬೇರೂರಿದ ಮನುಷ್ಯನ ಸೋಂಕು ಬೇರೆಯೇ ಕತೆ.

ಕೊಲ್ಲದ ಔಷಧದಿಂದ ಏನು ಪ್ರಯೋಜನ?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತೇವಲ್ಲ, ಇಲ್ಲಿ ಕೋಲು ಅಂದರೆ ಆಂಟಿಬಯಾಟಿಕ್. ಅದನ್ನು ಬೀಸಿ ಬೀಸಿ ಮುರಿಯುವ ಹಂತಕ್ಕೆ ತಂದಿದ್ದೇವೆ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲೆಕ್ಕ. ಕಾರ್ಬಾಪೆನೆಮ್ ಎಂಬ ಬಲವಾದ ಆಂಟಿಬಯಾಟಿಕ್‌ಗೂ ಬಗ್ಗದ ಸ್ಯೂಡೋಮೋನಾಸ್ 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಆತಂಕದ ಪಟ್ಟಿಯಲ್ಲಿದೆ, 2024ರ ಪಟ್ಟಿಯಲ್ಲೂ ಇದೆ.

ಈ ಕಿಣ್ವಗಳನ್ನು ಆಂಟಿಬಯಾಟಿಕ್ ಬದಲಿಗೆ ಅಂತ ಯೋಚಿಸಬೇಡಿ, ಜೊತೆಗೆ ಅಂತ ಯೋಚಿಸಿ. ಕಿಣ್ವ ಲೋಳೆಯ ಕೋಟೆಯನ್ನು ಸಡಿಲ ಮಾಡಿದರೆ ಔಷಧ ಒಳಗೆ ಹೋಗುತ್ತದೆ. ಇಲಿಗಳ ಸುಟ್ಟ ಗಾಯದ ಮೇಲೆ ಲ್ಯಾಕ್ಟೋನೇಸ್ ಮತ್ತು ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಸೇರಿಸಿದ ಜೆಲ್ ಹಚ್ಚಿ ಈ ಜೋಡಿಯನ್ನು ಪರೀಕ್ಷಿಸಿದ್ದಾರೆ, ಎರಡೂ ಸೇರಿದಾಗ ಫಲ ಚೆನ್ನಾಗಿತ್ತು.

ಮಾವ ಕೇಳಿದ ಪ್ರಶ್ನೆ: ವರದಿಯಲ್ಲಿ ಇಲ್ಲದ ಅಜಿತ್ರೋಮೈಸಿನ್ ಯಾಕೆ?

ಅಜಿತ್ರೋಮೈಸಿನ್ ಮಾಮೂಲಿ ಪ್ರಮಾಣದಲ್ಲಿ ಸ್ಯೂಡೋಮೋನಾಸನ್ನು ಕೊಲ್ಲುವುದಿಲ್ಲ. ಅದಕ್ಕೇ ಲ್ಯಾಬ್ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ. ಆದರೆ ಕೊಲ್ಲಲಾಗದ ಕಡಿಮೆ ಪ್ರಮಾಣದಲ್ಲೇ ಅದು ಸ್ಯೂಡೋಮೋನಾಸ್‌ನ ಕೋರಂ ಮಾತನ್ನು ಕುಗ್ಗಿಸುತ್ತದೆ, ಜೊತೆಗೆ ನಮ್ಮ ಕಡೆಯ ಉರಿಯೂತವನ್ನೂ ತಗ್ಗಿಸುತ್ತದೆ. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಪದೇ ಪದೇ ಉಲ್ಬಣಿಸುವುದು ಇದರಿಂದ ಕಡಿಮೆಯಾಗುತ್ತದೆ ಅಂತ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಕಿಣ್ವ ಅಲ್ಲದಿದ್ದರೂ, ಬ್ಯಾಕ್ಟೀರಿಯಾದ ಮಾತಿಗೆ ಅಡ್ಡ ಬರುವ ಒಂದು ಮದ್ದು ಈಗಾಗಲೇ ಮಾವನ ಮಾತ್ರೆ ಡಬ್ಬಿಯಲ್ಲಿತ್ತು!

ಇದನ್ನು ಓದಿ ಯಾರೂ ಅಂಗಡಿಯಿಂದ ತಾವೇ ತಂದು ನುಂಗಬೇಡಿ. ಇದು ಹೃದಯದ ಬಡಿತದ ಲಯ ಕೆಡಿಸಬಹುದು, ಕಿವಿ ಮಂದ ಮಾಡಬಹುದು. ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ಎದೆಯಲ್ಲಿದ್ದು ಬರೀ ಇದೊಂದನ್ನೇ ಕೊಟ್ಟರೆ ಅವು ಈ ಔಷಧಕ್ಕೇ ಬಗ್ಗದಂತಾಗುತ್ತವೆ. ಅದಕ್ಕೇ ಶುರು ಮಾಡುವ ಮೊದಲು ಇಸಿಜಿ, ಕಫದ ಪರೀಕ್ಷೆ ಮಾಡಿಸುತ್ತಾರೆ.

ಪ್ರೋಟೀನನ್ನು ಎದೆಗೆ ಕೊಡುವುದು ಹೇಗೆ? ನುಂಗಿದರೆ ಜೀರ್ಣ ಆಗಿಬಿಡುವುದಿಲ್ವಾ?

ಆಗಿಬಿಡುತ್ತದೆ. ಅದಕ್ಕೇ ಮಾತ್ರೆ ಅಲ್ಲ, ನೆಬ್ಯುಲೈಜರ್‌ನ ಮಂಜು ಅಥವಾ ಎಳೆದುಕೊಳ್ಳುವ ಒಣ ಪುಡಿ. ಇದು ಆಗದ ಕೆಲಸವಲ್ಲ. ಡಾರ್ನೇಸ್ ಆಲ್ಫಾ ಎಂಬ ಕಿಣ್ವವನ್ನು ಸಿಸ್ಟಿಕ್ ಫೈಬ್ರೋಸಿಸ್ ಇರುವವರು ನೆಬ್ಯುಲೈಜರ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಅಮೆರಿಕದಲ್ಲಿ 1993ರಲ್ಲೇ ಒಪ್ಪಿಗೆ ಸಿಕ್ಕಿತು. ಅದು ಮಾತು ಕೆಡಿಸುವ ಕಿಣ್ವವಲ್ಲ, ಸತ್ತ ಕೋಶಗಳಿಂದ ಸೋರಿದ ಡಿಎನ್‌ಎ ಕತ್ತರಿಸಿ ಕಫ ತೆಳ್ಳಗೆ ಮಾಡುತ್ತದೆ.

ಅದೇ ಡಾರ್ನೇಸ್ ನಮಗೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಸಿಸ್ಟಿಕ್ ಫೈಬ್ರೋಸಿಸ್ ಇಲ್ಲದ ಬ್ರಾಂಕಿಯೆಕ್ಟಾಸಿಸ್ ರೋಗಿಗಳಿಗೆ ಕೊಟ್ಟು ನೋಡಿದಾಗ, 1998ರ ವರದಿಯ ಪ್ರಕಾರ, ಅವರಿಗೆ ತೊಂದರೆ ಹೆಚ್ಚಾಯಿತು. ಒಂದು ಕಾಯಿಲೆಯಲ್ಲಿ ವರವಾದದ್ದು ಅದರ ಪಕ್ಕದ ಕಾಯಿಲೆಯಲ್ಲಿ ಕೆಟ್ಟದ್ದು ಮಾಡಿತು. ನಮ್ಮಲ್ಲಿ ಇದು ಮುಖ್ಯ. ಭಾರತದ 2195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ದಾಖಲೆ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 35.5 ಜನರಿಗೆ ಕಾರಣ ಹಿಂದೆ ಬಂದಿದ್ದ ಟಿಬಿ, ಕಫದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಸ್ಯೂಡೋಮೋನಾಸ್. ಹಾಗಾಗಿ ಯಾವ ಕಿಣ್ವ ಬಂದರೂ ಟಿಬಿ ಬಂದು ಹೋದ ನಮ್ಮವರ ಎದೆಯಲ್ಲೇ ಪರೀಕ್ಷೆ ಆಗಬೇಕು. ಯೂರೋಪಿನ ಫಲಿತಾಂಶ ತಂದು ಇಲ್ಲಿ ಹಚ್ಚಿದರೆ ಸಾಲದು.

ಇದಕ್ಕೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲವಾ?

ಕಷ್ಟ, ಆದರೆ ಆಗುವುದೇ ಇಲ್ಲ ಅಂತ ಹೇಳಲಾರೆ. ಆಂಟಿಬಯಾಟಿಕ್ ಹಾಕಿದಾಗ ತಪ್ಪಿಸಿಕೊಂಡ ಒಂದೇ ಒಂದು ಬ್ಯಾಕ್ಟೀರಿಯಾ ಪೂರ್ತಿ ಜಾಗ ಆಳುತ್ತದೆ. ಇಲ್ಲಿ ಯಾರೂ ಸಾಯುತ್ತಿಲ್ಲವಾದ್ದರಿಂದ ಆ ಒತ್ತಡ ಕಡಿಮೆ. ಕಿಣ್ವ ಕೆಲಸ ಮಾಡುವುದು ಕೋಶದ ಹೊರಗೆ, ಹಾಗಾಗಿ ಔಷಧವನ್ನು ಪಂಪ್ ಮಾಡಿ ಆಚೆ ಹಾಕುವ ಅವುಗಳ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ.

ಅಪಾಯ ಏನೂ ಇಲ್ಲವಾ?

ಇದೆ. ಹಳೆಯ ಸೋಂಕಿನಲ್ಲಿ ಎಷ್ಟೋ ಸ್ಯೂಡೋಮೋನಾಸ್ ತಾವಾಗಿಯೇ ಕಿವುಡಾಗಿರುತ್ತವೆ, ಸಂಕೇತ ಕೇಳುವ ಲಾಸ್‌ಆರ್ ಎಂಬ ಜೀನು ಕೆಟ್ಟಿರುತ್ತದೆ. ಅಂಥವಕ್ಕೆ ಈ ಚಿಕಿತ್ಸೆಯಿಂದ ಏನಾಗಬೇಕು?

ಇನ್ನೂ ಯೋಚಿಸಬೇಕಾದ ವಿಷಯ ಒಂದಿದೆ. ಕಿವುಡಾದವು ದುಡಿಯುವುದಿಲ್ಲ, ಬೇರೆಯವು ತಯಾರಿಸಿದ್ದನ್ನು ತಿಂದು ಬೆಳೆಯುತ್ತವೆ. ಅವು ಹೆಚ್ಚಾದರೆ ಒಟ್ಟು ಗುಂಪಿನ ಉಗ್ರತೆ ಕಡಿಮೆಯಾಗುತ್ತದೆ. ಮಾತನ್ನೇ ನಿಲ್ಲಿಸಿದರೆ ಯಾರೂ ದುಡಿಯುವುದಿಲ್ಲ, ಹಾಗಾಗಿ ಈ ಸೋಮಾರಿಗಳಿಗೆ ಇದ್ದ ಲಾಭ ತಪ್ಪುತ್ತದೆ, ಉಗ್ರವಾದ ಮೂಲ ತಳಿ ಹಾಗೇ ಉಳಿದುಕೊಳ್ಳುತ್ತದೆ. ಉಸಿರಾಟಕ್ಕೆ ಟ್ಯೂಬ್ ಹಾಕಿದ್ದ ರೋಗಿಗಳಿಗೆ ಅಜಿತ್ರೋಮೈಸಿನ್ ಕೊಟ್ಟು ನೋಡಿದ 2010ರ ಅಧ್ಯಯನದಲ್ಲಿ ಇದೇ ಕಂಡಿತು. ಔಷಧ ನಿಲ್ಲಿಸಿದ ಮೇಲೆ ಏನು ಅನ್ನುವುದನ್ನು ಯಾವ ಪರೀಕ್ಷೆಯೂ ಬಿಡಬಾರದು.

ಜೊತೆಗೆ, ಹೊರಗಿನ ಪ್ರೋಟೀನನ್ನು ಪದೇ ಪದೇ ಉಸಿರಾಡಿದರೆ ಮೈ ಅದಕ್ಕೆ ಅಲರ್ಜಿ ತೋರಿಸಬಹುದು.

ಟಿಬಿಗೆ, ಕೋವಿಡ್‌ಗೆ, ಎಲ್ಲ ನ್ಯುಮೋನಿಯಾಕ್ಕೆ ಆಗುತ್ತದಾ?

ಇಲ್ಲ. ಕೋವಿಡ್ ವೈರಸ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಟಿಬಿ ಬ್ಯಾಕ್ಟೀರಿಯಾ ಈ ಭಾಷೆ ಆಡುವುದಿಲ್ಲ. ಸ್ಟೆಫಿಲೋಕಾಕಸ್ ಮಾತಾಡುವುದು ಚಿಕ್ಕ ಪೆಪ್ಟೈಡ್‌ಗಳಿಂದ, ಅಲ್ಲಿ ಲ್ಯಾಕ್ಟೋನೇಸ್ ನಡೆಯುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಎಂಜೈಮ್ ಮಾತ್ರೆ ಸಿಗುತ್ತದಲ್ಲ, ಅದು?

ಅದಲ್ಲ. ಊತಕ್ಕೆ ಕೊಡುವ ಸೆರಾಶಿಯೋಪೆಪ್ಟಿಡೇಸ್, ಜೀರ್ಣಕ್ಕೆ ಕೊಡುವ ಎಂಜೈಮ್ ಸಿರಪ್ಪು, ಯಾವುದೂ ಈ ಕೆಲಸ ಮಾಡುವುದಿಲ್ಲ. ದಯವಿಟ್ಟು ಪುಡಿ ಮಾಡಿ ನೆಬ್ಯುಲೈಜರ್‌ಗೆ ಹಾಕಬೇಡಿ. ಒಬ್ಬರು ಹಾಕಬಹುದಾ ಅಂತ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಬೆಳ್ಳುಳ್ಳಿ?

ಬೆಳ್ಳುಳ್ಳಿಯ ಅಜೋಯೀನ್ ಎಂಬ ಅಂಶ ಲ್ಯಾಬಿನಲ್ಲಿ ಸ್ಯೂಡೋಮೋನಾಸ್ ಮಾತನ್ನು ತಗ್ಗಿಸುತ್ತದೆ, ನಿಜ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಕೊಟ್ಟ ಚಿಕ್ಕ ಪರೀಕ್ಷೆಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ತಿನ್ನಿ, ಔಷಧ ಬಿಡಬೇಡಿ.

ಬೆಂಗಳೂರಿನಲ್ಲಿ ಈ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಎಲ್ಲೂ ಸಿಗುವುದಿಲ್ಲ. ನಿಮ್ಹಾನ್ಸ್ ಹತ್ತಿರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಕೇಳಿದರೂ, ಯಾವ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕೇಳಿದರೂ ಇದೇ ಉತ್ತರ, ಯಾಕೆಂದರೆ ಶ್ವಾಸಕೋಶಕ್ಕೆ ಕೊಡುವ ಇಂಥ ಕಿಣ್ವ ಯಾವ ದೇಶದಲ್ಲೂ ಔಷಧವಾಗಿ ಒಪ್ಪಿಗೆ ಪಡೆದಿಲ್ಲ. ಔಷಧಕ್ಕೆ ಬಗ್ಗದ ಸೋಂಕಿನ ಬಗ್ಗೆ ಕೆಲಸ ಮಾಡುವವರು ನಮ್ಮೂರಲ್ಲೇ ಇದ್ದಾರೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಎಂಬ ಸರ್ಕಾರಿ ಸಂಶೋಧನಾ ಕೇಂದ್ರ ಇಂಥ ಕೆಲಸ ಮಾಡುವ ಹೊಸ ಕಂಪನಿಗಳಿಗೆ ನೆರವಾಗುತ್ತದೆ.

ಯಾರಾದರೂ "ಟ್ರಯಲ್ ನಡೆಯುತ್ತಿದೆ, ದುಡ್ಡು ಕಟ್ಟಿ ಸೇರಿಕೊಳ್ಳಿ" ಅಂದರೆ ಹುಷಾರು. ಭಾರತದಲ್ಲಿ ನಡೆಯುವ ಔಷಧ ಪರೀಕ್ಷೆಗಳು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ಯಾರು ಬೇಕಾದರೂ ಪುಕ್ಕಟೆ ಹುಡುಕಿ ನೋಡಬಹುದು.

ಸರಿ, ಅಲ್ಲಿಯವರೆಗೆ ನಾವು ಮನೆಯಲ್ಲಿ ಏನು ಮಾಡಬಹುದು?

ಕೋರಂ ಆಗದಂತೆ ನೋಡಿಕೊಳ್ಳಬಹುದು. ಕಫ ನಿಂತರೆ ತಾನೇ ಗುಂಪು ಸೇರುವುದು? ಫಿಸಿಯೋಥೆರಪಿಯವರು ಹೇಳಿಕೊಟ್ಟ ಕಫ ತೆಗೆಯುವ ಉಸಿರಾಟದ ಕ್ರಮವನ್ನು ದಿನಾ ಮಾಡಿ, ಆರಾಮಾಗಿರುವ ದಿನವೂ ಮಾಡಿ.

ಕಫದ ಬಣ್ಣ ಬದಲಾದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡಿ. ಬೆಳಗ್ಗೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು, ಎಂಜಲು ಅಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ಎಂಜಲು ಹೋಗಿ, ವರದಿಯಲ್ಲಿ ಏನೂ ಸಿಗದೆ ಎಂಟು ದಿನ ಹಾಳಾಯಿತು, ಆ ಎಂಟು ದಿನ ಮಾವ ಕೂತೇ ನಿದ್ದೆ ಮಾಡಿದರು.

ನೆಬ್ಯುಲೈಜರ್ ಬಟ್ಟಲನ್ನು ತೊಳೆದು ಬಚ್ಚಲಿನ ಕಟ್ಟೆ ಮೇಲೆ ಒದ್ದೆಯಾಗಿ ಬಿಡಬೇಡಿ. ಸ್ಯೂಡೋಮೋನಾಸ್‌ಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಪ್ರತಿ ಸಲ ಸೋಪಿನಿಂದ ತೊಳೆಯಿರಿ. ಕಂಪನಿಯ ಸೂಚನೆಯಲ್ಲಿ ಕುದಿಸಬಹುದು ಅಂತ ಇದ್ದರೆ ಐದು ನಿಮಿಷ ಕುದಿಸಿ, ಶುಭ್ರ ಬಟ್ಟೆ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಮಾವ ಈಗ ರಾತ್ರಿ ಊಟ ಆದ ಮೇಲೆ ತಾವೇ ಕುದಿಸಿ, ಅಡುಗೆಮನೆ ಕಿಟಕಿ ಹತ್ತಿರ ಒಗೆದ ಪಂಚೆಯ ತುಂಡು ಹಾಸಿ ಆರಲು ಇಡುತ್ತಾರೆ, ಆ ಬಟ್ಟೆಯಲ್ಲಿ ಬೇರೆ ಏನನ್ನೂ ಒರೆಸಲು ಯಾರಿಗೂ ಬಿಡುವುದಿಲ್ಲ.